ಹೇನಿನ ಕಾಟ: ಒಂಬತ್ತನೇ ದಿನವನ್ನು ಮರೆಯಬೇಡಿ

ಶಾಲೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಮಗಳು ಕಿವಿಯ ಹಿಂದೆ, ಹಿಂಗತ್ತಿನಲ್ಲಿ ಪರಪರ ಕೆರೆದುಕೊಳ್ಳತೊಡಗುತ್ತಾಳೆ. ಜಡೆ ಬಿಚ್ಚಿ ನೋಡಿದ ಅಮ್ಮನಿಗೆ ಗಾಬರಿ. ಅಜ್ಜಿ ಸೀಮೆಎಣ್ಣೆ ಹುಡುಕುತ್ತಾರೆ, ಅಪ್ಪ ಕೂದಲು ಕತ್ತರಿಸಿಬಿಡೋಣ ಅನ್ನುತ್ತಾರೆ. ಎರಡೂ ಬೇಡ. ದಿನ ಲೆಕ್ಕ ಹಾಕಿ ಮದ್ದು ಮಾಡಿದರೆ ಹೇನು ಖಂಡಿತ ಹೋಗುತ್ತದೆ.

1. ಮಗುವನ್ನು ಬೈಯಬೇಡಿ

ದಿನಾ ತಲೆಗೆ ಸ್ನಾನ ಮಾಡುವ ಮಗುವಿಗೂ ಹೇನು ಹತ್ತುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ. ಹೇನು ಹಾರಲಾರದು, ಜಿಗಿಯಲಾರದು. ಕೂದಲಿಗೆ ಕೂದಲು ತಾಗಿದಾಗ ತೆವಳಿ ದಾಟುತ್ತದೆ. ತಲೆಗೆ ತಲೆ ಕೊಟ್ಟು ಚಿತ್ರ ಬರೆಯುವ, ಒಂದೇ ಚಾಪೆಯಲ್ಲಿ ಮಲಗುವ ಮಕ್ಕಳಲ್ಲಿ ಹೆಚ್ಚು ಕಾಣುವುದು ಅದಕ್ಕೇ. ತಲೆಹೇನು ರೋಗವನ್ನೂ ಹರಡುವುದಿಲ್ಲ. ಟೈಫಸ್ ಜ್ವರ ಹರಡುವುದು ಬಟ್ಟೆಯ ಹೊಲಿಗೆಯಲ್ಲಿ ಬದುಕುವ ಕೂರೆ.

2. ಕೆರೆತಕ್ಕೆ ಕಾಯದೆ ತಲೆ ನೋಡಿ

ಮೊದಲ ಸಲ ಹೇನು ಹತ್ತಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಅಷ್ಟರಲ್ಲಿ ಹೇನಿನ ಸಂಸಾರ ಬೆಳೆದಿರುತ್ತದೆ. ಭಾನುವಾರ ಎಣ್ಣೆ ಹಚ್ಚುವ ಮುಂಚೆ ಬಿಸಿಲಿನಲ್ಲಿ ಕೂರಿಸಿಕೊಂಡು ಕಿವಿಯ ಹಿಂದೆ, ಹಿಂಗತ್ತಿನ ಹತ್ತಿರ ಬೈತಲೆ ತೆಗೆದು ನೋಡಿ. ಊದಿದರೆ ಹಾರುವುದು ಹೊಟ್ಟು. ಉಗುರಿನಿಂದ ಎಳೆದರೂ ಬಿಡದೆ ಅಂಟಿರುವುದು ಸೀರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ದೂರ ಕಾಣುವ ಸೀರು ಸಾಮಾನ್ಯವಾಗಿ ಬರೀ ಸಿಪ್ಪೆ. ಓಡಾಡುವ ಹೇನು ಕಂಡರೆ ಮಾತ್ರ ಮದ್ದು ಹಾಕಿ.

3. ಎರಡನೇ ಸಲದ ಮದ್ದನ್ನು ತಪ್ಪಿಸಬೇಡಿ

ಎಷ್ಟೋ ಮನೆಗಳು ಸೋಲುವುದು ಇಲ್ಲೇ. ಔಷಧಿ ಅಂಗಡಿಯಲ್ಲಿ ಸಿಗುವ ಶೇ. 1ರ ಪರ್ಮೆಥ್ರಿನ್ ಹೇನನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮದ್ದು ಹಾಕಿದ ಮರುದಿನ ತಲೆ ಹಗುರ, ಮಗು ನಿರಾಳ, ಬಾಟಲಿ ಕಪಾಟಿನ ಮೂಲೆಗೆ. ಅತ್ತ 7ರಿಂದ 10 ದಿನದೊಳಗೆ ಸೀರು ಒಡೆದು ಮರಿಗಳು ಹೊರಬರುತ್ತವೆ; ಇನ್ನೊಂದು ಒಂಬತ್ತು ಹನ್ನೆರಡು ದಿನಕ್ಕೆ ಅವೂ ಬೆಳೆದು ಮೊಟ್ಟೆಯಿಡುತ್ತವೆ. ಒಂದು ಹೆಣ್ಣು ಹೇನು ದಿನಕ್ಕೆ ಎಂಟರವರೆಗೆ ಮೊಟ್ಟೆ ಇಡಬಲ್ಲದು. ಆಮೇಲೆ ನಾವು “ಈ ಮದ್ದು ನಾಟಲಿಲ್ಲ” ಎನ್ನುತ್ತೇವೆ. ಮರಿಗಳು ಹೊರಬಂದು ಇನ್ನೂ ಮೊಟ್ಟೆಯಿಡದ ಆ ನಡುವಿನ ದಿನಗಳಲ್ಲೇ ಮತ್ತೊಮ್ಮೆ ಮದ್ದು ಬೀಳಬೇಕು. ಒಂಬತ್ತನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಚ್ಚುವ ಕ್ರಮವೂ ಮುಖ್ಯ: ಕಂಡೀಷನರ್ ಇಲ್ಲದೆ ತಲೆ ತೊಳೆದು, ಟವೆಲಿನಿಂದ ಒರೆಸಿ, ಬುಡದಿಂದ ತುದಿಯವರೆಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಲಾಭ ಎಂಬುದು ತಪ್ಪು. ಎರಡು ತಿಂಗಳೊಳಗಿನ ಹಸುಗೂಸಿಗೆ ಬೇಡವೇ ಬೇಡ.

4. ಸೀರಣಿಗೆಯನ್ನು ನಂಬಿ

ಮದ್ದು ಹಾಕಿ ಎರಡು ದಿನ ಕಳೆದ ಮೇಲೆ ಒದ್ದೆ ಕೂದಲಿಗೆ ಕಂಡೀಷನರ್ ಸವರಿ, ಹಲ್ಲು ಒತ್ತೊತ್ತಾಗಿರುವ ಹೇನಿನ ಬಾಚಣಿಗೆಯಿಂದ ಎಳೆ ಎಳೆಯಾಗಿ ಬಾಚಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ. ಬೇಸರದ ಕೆಲಸ ನಿಜ, ಆದರೆ ಬಹಳ ಹಳೆಯದು: ಇಸ್ರೇಲಿನ ಲಾಕಿಶ್‌ನಲ್ಲಿ ಸಿಕ್ಕ ಸುಮಾರು 3,700 ವರ್ಷ ಹಿಂದಿನ ದಂತದ ಬಾಚಣಿಗೆಯ ಮೇಲೆ ಹೇನು ತೊಲಗಲಿ ಎಂಬ ಹಾರೈಕೆಯನ್ನೇ ಕೊರೆದಿದ್ದಾರೆ.

5. ಈ ನಾಲ್ಕನ್ನು ಮುಟ್ಟಲೇಬೇಡಿ

ಸೀಮೆಎಣ್ಣೆ: ಬೆಂಕಿ ಹತ್ತಿಕೊಳ್ಳುತ್ತದೆ, ಬಾಯಿಗೆ ಹೋದರೆ ಶ್ವಾಸಕೋಶ ಕೆಡಿಸುತ್ತದೆ. ಸೀತಾಫಲದ ಬೀಜದ ಪುಡಿ: ನಮ್ಮ ಹಳ್ಳಿಗಳ ಹಳೆಯ ಮದ್ದು, ಆದರೆ ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಟ್ಟಂತಾಗಿ ವಿಪರೀತ ನೋವು, ದೃಷ್ಟಿ ಮಸುಕು. ಬಿದ್ದೇಬಿಟ್ಟರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರ ಬಳಿ ಓಡಿ. ಕರ್ಪೂರದ ಎಣ್ಣೆ: ಪುಟ್ಟ ಮಗು ನುಂಗಿದರೆ ಫಿಟ್ಸ್ ಬರಬಹುದು. ಹೊಲಕ್ಕೆ ಹೊಡೆಯುವ ಔಷಧಿ, ಸೊಳ್ಳೆ ಜಿರಲೆಯ ಸ್ಪ್ರೇ: ಇವು ವಿಷ, ಅಷ್ಟೇ.

6. ಮನೆಯನ್ನೆಲ್ಲ ತೊಳೆಯಬೇಕಿಲ್ಲ

ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಚೀಲ, ಟವೆಲು, ಬಾಚಣಿಗೆ, ರಿಬ್ಬನ್ನುಗಳನ್ನು ಬಿಸಿನೀರಿನಲ್ಲಿ ತೊಳೆದರೆ ಸಾಕು. ಆ ಶಕ್ತಿಯನ್ನು ಮನೆಮಂದಿಯ ತಲೆ ನೋಡಲು ಉಳಿಸಿಕೊಳ್ಳಿ. ಹೇನು ಕಂಡವರೆಲ್ಲರಿಗೂ ಒಂದೇ ದಿನ ಮದ್ದು ಹಾಕಿ.

7. ಶಾಲೆಗೆ ಬಿಗಿ ಜಡೆ

ಉದ್ದ ಕೂದಲಿದ್ದರೆ ಎರಡು ಜಡೆ ಹೆಣೆದು ಮಡಚಿ ಕಟ್ಟಿ. ಬಾಚಣಿಗೆ ಅವರವರದೇ ಇರಲಿ.

8. ವೈದ್ಯರ ಬಳಿ ಯಾವಾಗ?

ಕೆರೆದ ಗಾಯ ಕೀವಾದರೆ, ಕತ್ತಿನಲ್ಲಿ ಗಂಟು ಕಂಡರೆ, ಎರಡು ಸಲ ಕ್ರಮವಾಗಿ ಮದ್ದು ಹಾಕಿದರೂ ಹೇನು ಓಡಾಡುತ್ತಿದ್ದರೆ.

9. ಮುಚ್ಚಿಡಬೇಡಿ

ಗೆಳತಿಯರ ಅಮ್ಮಂದಿರಿಗೆ ಅಂದೇ ಹೇಳಿ. ಇಲ್ಲದಿದ್ದರೆ ಹೇನು ಆ ತಲೆಯಿಂದ ಈ ತಲೆಗೆ ತಿರುಗುತ್ತಲೇ ಇರುತ್ತದೆ. ಶಿಕ್ಷಕರಲ್ಲಿಯೂ ಒಂದು ಕೋರಿಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ದೂರವಿಡಬಾರದು ಎನ್ನುತ್ತದೆ. ದಯವಿಟ್ಟು ಆ ಮಗುವನ್ನು ತರಗತಿಯ ಎದುರು ಎಬ್ಬಿಸಿ ನಿಲ್ಲಿಸಬೇಡಿ. ತಾಯಿಗೆ ಗುಟ್ಟಾಗಿ ತಿಳಿಸಿ.