ಹೊಸ ಪಿಸಿ ಹಠ ಹಿಡಿದರೆ

ಬಿಡಿಭಾಗ ತಂದು ನೀವೇ ಜೋಡಿಸಿದ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದ್ದರೆ ವಿಂಡೋಸ್ ಮತ್ತೆ ಹಾಕುವ ಗಡಿಬಿಡಿ ಬೇಡ. ಮೊದಲ ಅನುಮಾನ ರ‍್ಯಾಮ್ ಮೇಲಿರಲಿ. ಬಯಾಸ್‌ಗೆ ಹೋಗಿ ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಆಫ್ ಮಾಡಿ ನೋಡಿ. ಡಿಡಿಆರ್5 ಡಬ್ಬದ ಮೇಲೆ ಅಚ್ಚಾದ 6000 ಎಂಬ ವೇಗ ಅಸಲಿಗೆ ಓವರ್‌ಕ್ಲಾಕ್, ಎಲ್ಲ ಪಿಸಿಗಳೂ ಅದನ್ನು ತಾಳುವುದಿಲ್ಲ. ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿನಲ್ಲಿರಬೇಕು. ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ. ರಾತ್ರಿ ಮೆಮ್‌ಟೆಸ್ಟ್86 ಓಡಲು ಬಿಟ್ಟು ಮಲಗಿ. ಒಂದೇ ಒಂದು ಎರರ್ ಕಂಡರೂ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಗೇಮ್ ಆಡುವಾಗ ಮಾತ್ರ ಪಟ್ಟನೆ ಆರಿಹೋಗುತ್ತದೆಯೇ? ಪವರ್ ಸಪ್ಲೈ ನೋಡಿ, ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆಯನ್ನೂ (ಅದನ್ನು ಕೀಳಲು ಮರೆಯುವವರು ಕಡಿಮೆಯೇನಿಲ್ಲ!). ಇವೆಂಟ್ ವ್ಯೂಯರ್‌ನ ‘ಕರ್ನೆಲ್-ಪವರ್ 41’ ಕಂಡು ಗಾಬರಿ ಬೀಳಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು, ಏಕೆ ಎಂದಲ್ಲ.