ಬೇರೊಂದು ಹೆಸರಿನಲ್ಲಿ ದುಡಿಯುವ ಸರ್ವಿಸ್

ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ನಡೆಯುವ ಕಾರ್ಯಕ್ರಮಕ್ಕೆ ‘ಸರ್ವಿಸ್’ ಎಂದು ಹೆಸರು. ಅದೂ ಯಾವುದಾದರೊಂದು ಖಾತೆಯ ಹೆಸರಿನಲ್ಲಿಯೇ ನಡೆಯತಕ್ಕದ್ದು. ಆ ಖಾತೆಗೆ ಇರುವಷ್ಟೇ ಅಧಿಕಾರ ಅದಕ್ಕೂ ಉಂಟು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಕೂಲಿಯ ಲೆಕ್ಕವನ್ನು ಪ್ರತಿರಾತ್ರಿಯೂ ಪಕ್ಕದ ಯಂತ್ರಕ್ಕೆ ನಕಲು ಮಾಡುವ ಸರ್ವಿಸ್ ಇದೆಯೆಂದು ಭಾವಿಸೋಣ. ಹಗಲಿನಲ್ಲಿ ಗುಮಾಸ್ತರು ಕೈಯಾರೆ ನಡೆಸಿದರೆ ನಕಲು ಸರಿಯಾಗಿ ಆಗುತ್ತದೆ. ರಾತ್ರಿ ತಾನಾಗಿ ನಡೆದಾಗ ಆಗುವುದಿಲ್ಲ. ಯಂತ್ರವು ಕೆಟ್ಟರೆ ವಾರದ ಕೂಲಿಯ ಲೆಕ್ಕವೇ ಇಲ್ಲವಾದೀತು. ಜನರು ಸಾಮಾನ್ಯವಾಗಿ ತಂತಿಯನ್ನು ದೂರುವರು. ಇಂತಹಲ್ಲಿ ಮೊದಲು ಶಂಕಿಸಬೇಕಾದುದು ಖಾತೆಯನ್ನು.

ವಿಂಡೋಸ್‌ನ ‘ಸರ್ವಿಸಸ್’ ಪಟ್ಟಿಯಲ್ಲಿ ‘ಲಾಗ್ ಆನ್ ಆ್ಯಸ್’ ಎಂಬ ಅಂಕಣವನ್ನು ನೋಡಿರಿ. ಅಲ್ಲಿ ‘ಲೋಕಲ್ ಸಿಸ್ಟಮ್’ ಎಂದಿದ್ದರೆ ಕಾರಣವು ಪ್ರಾಯಃ ಅದೇ. ಆ ಖಾತೆಯು ತನ್ನ ಯಂತ್ರದೊಳಗೆ ದೊರೆ, ಪಕ್ಕದ ಯಂತ್ರಕ್ಕೆ ಅಪರಿಚಿತ. ಗುಮಾಸ್ತರು ಜೋಡಿಸಿಕೊಂಡ ‘ಝಡ್’ ಡ್ರೈವ್ ಅವರ ಲಾಗಿನ್‌ಗೆ ಹೊರತು ಅದಕ್ಕೆ ಕಾಣುವುದೂ ಇಲ್ಲ.

ಎಲ್ಲರಿಗೂ ಎಲ್ಲ ಅನುಮತಿಯನ್ನು ಕೊಟ್ಟುಬಿಡುವುದು ಸುಲಭ. ಕಳ್ಳನಿಗೂ ಅದರಿಂದ ಸುಲಭವೇ. ನಕಲಿಗೆಂದೇ ಎರಡು ಯಂತ್ರಗಳಲ್ಲಿಯೂ ಒಂದೇ ಹೆಸರಿನ, ಒಂದೇ ಗುಪ್ತಪದದ ಖಾತೆಯನ್ನು ತೆರೆದು, ಬೇಕಾದ ಫೋಲ್ಡರುಗಳಿಗೆ ಮಾತ್ರ ಅನುಮತಿಯಿತ್ತು, ಸರ್ವಿಸನ್ನು ಆ ಖಾತೆಗೆ ಒಪ್ಪಿಸಬೇಕು. ಡ್ರೈವಿನ ಅಕ್ಷರಕ್ಕೆ ಬದಲಾಗಿ ಯಂತ್ರದ ಹೆಸರುಳ್ಳ ಪೂರ್ಣ ಮಾರ್ಗವನ್ನು ಬರೆದು ಸರ್ವಿಸನ್ನು ಮರಳಿ ಪ್ರಾರಂಭಿಸಿರಿ. ಮುಂದೆ ಗುಪ್ತಪದವನ್ನು ಬದಲಿಸಿದಾಗ ಸರ್ವಿಸಿನಲ್ಲಿಯೂ ಬದಲಿಸತಕ್ಕದ್ದು. ಮರುದಿನ ಬೆಳಿಗ್ಗೆ ನಕಲನ್ನು ತೆರೆದೇ ನೋಡಿರಿ.