ಆಸನ ಒಂದೇ, ತಯಾರಿ ಇಬ್ಬರದು

ತಂಗಿ, ಗಗನಯಾತ್ರಿ ಆಗುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕರಂತೆ. ಜೊಯಿಡಾದಿಂದ ದಾಂಡೇಲಿಗೆ ಬಸ್ಸಿನಲ್ಲಿ ಜೋತುಬಿದ್ದು ಪಿಯುಸಿಗೆ ಹೋಗುವ ಹುಡುಗಿ ಬಾಹ್ಯಾಕಾಶದ ಮಾತಾಡಿದರೆ ನಗುವವರು ಇದ್ದೇ ಇರುತ್ತಾರೆ. ನನಗೆ ನಗು ಬರಲಿಲ್ಲ. ಗೋಡೆಗೆ ರಾಕೇಶ್ ಶರ್ಮಾರ ಚಿತ್ರ ಅಂಟಿಸಿದ್ದೀಯಲ್ಲ, ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇಡು. ಅದು ರವೀಶ್ ಮಲ್ಹೋತ್ರಾ ಅವರದು.

ಬಾಹ್ಯಾಕಾಶಕ್ಕೆ ಕಳಿಸಲು 1982ರಲ್ಲಿ ವಾಯುಪಡೆ ಆರಿಸಿದ್ದು ಈ ಇಬ್ಬರನ್ನು. ಇಬ್ಬರೂ ಮಾಸ್ಕೋ ಹತ್ತಿರದ ಸ್ಟಾರ್ ಸಿಟಿಗೆ ಹೋಗಿ ಒಂದೇ ತರಬೇತಿ ಪಡೆದರು. ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ. ಶರ್ಮಾರಿಗೆ ಆಗ 33 ವರ್ಷ. ಅಕ್ಷರದಿಂದ ಶುರುಮಾಡಿ ಕಲಿತರು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನೀನು ಇಂಗ್ಲಿಷಿಗೆ ಅಂಜುವುದು ನನಗಂತೂ ಅರ್ಥವಾಗುವುದಿಲ್ಲ.

ಸೋವಿಯತ್ ನೌಕೆ ಸೋಯುಜ್ ಟಿ-11ರಲ್ಲಿ ಭಾರತಕ್ಕೆ ಇದ್ದದ್ದು ಒಂದೇ ಆಸನ. 1984ರ ಏಪ್ರಿಲ್ 3ರಂದು ಶರ್ಮಾ ಅದರಲ್ಲಿ ಕೂತರು. ಅಷ್ಟೇ ತಯಾರಾಗಿದ್ದ ಮಲ್ಹೋತ್ರಾ ನೆಲದ ಮೇಲೆ ಉಳಿದರು. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂಬ ಇಂದಿರಾ ಗಾಂಧಿಯವರ ಪ್ರಶ್ನೆಗೆ ಶರ್ಮಾ ಕೊಟ್ಟ ‘ಸಾರೇ ಜಹಾಂ ಸೆ ಅಚ್ಛಾ’ ಎಂಬ ಉತ್ತರ ಎಲ್ಲರಿಗೂ ಬಾಯಿಪಾಠ. ಮಲ್ಹೋತ್ರಾ ಮುಂದೆ ಏನು ಮಾಡಿದರು ಎಂದು ಕೇಳುವವರು ಕಡಿಮೆ. ವಾಯುಪಡೆಯಲ್ಲಿ ಏರ್ ಕಮೋಡೋರ್ ಆದರು. ನಿವೃತ್ತಿಯಾದ ಮೇಲೆ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಭಾಗ ಕಟ್ಟಿದರು. ಕೈತಪ್ಪಿದ ಆಸನದ ಮುಂದೆಯೇ ಅವರ ಬದುಕು ನಿಂತುಬಿಡಲಿಲ್ಲ.

ಹೋಗಿಬಂದವರ ಲೆಕ್ಕವನ್ನೂ ನೋಡು. ಶರ್ಮಾ ಮೇಲಿದ್ದದ್ದು 7 ದಿನ 21 ಗಂಟೆ 40 ನಿಮಿಷ. ಅದರ ಹಿಂದೆ 1966ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿದಂದಿನಿಂದ 18 ವರ್ಷ, 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದ್ದು, ಪರೀಕ್ಷಾ ಪೈಲಟ್ ಆದದ್ದು ಎಲ್ಲವೂ ಇದೆ. ಇಳಿದ ಮೇಲೆ ಹಾರಗಳ ನಡುವೆ ಕೂತುಬಿಡದೆ ಎಚ್‌ಎಎಲ್ ಸೇರಿ ಮೊದಲು ನಾಸಿಕದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸಿದರು. ವಿಮಾನ ಹಾರಿಸುವುದೇ ಬೇಸರವಾಗಿದ್ದರೆ ಆ ಎಂಟು ದಿನಕ್ಕಾಗಿ ಯಾರು ಅಷ್ಟು ವರ್ಷ ತೇಯುತ್ತಾರೆ? ನಿನಗೆ ಬೇಕಾಗಿರುವುದು ಆ ಕೆಲಸವೋ, ಬರೀ ಆ ಚಿತ್ರವೋ ನೋಡಿಕೋ. ಉತ್ತರ ನನಗೆ ಹೇಳಬೇಕಾಗಿಲ್ಲ.

41 ವರ್ಷದ ಮೇಲೆ, 2025ರ ಜೂನ್ 25ರಂದು, ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಹೋದಾಗಲೂ ಹೀಗೇ ಆಯಿತು. ಅವರಷ್ಟೇ ಸಿದ್ಧರಾಗಿದ್ದ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಕೆಳಗೆ ಉಳಿದರು. ಆದರೆ ಆ ಸಲ ನಮ್ಮ ಕಡೆಯದೂ ಒಂದು ಮೇಲಕ್ಕೆ ಹೋಗಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಕಳಿಸಿದ ಹೆಸರುಕಾಳು, ಮೆಂತೆ! ತೂಕವಿಲ್ಲದ ಕಡೆ ಅವು ಹೇಗೆ ಮೊಳೆಯುತ್ತವೆ ಎಂದು ನೋಡುವ ಪ್ರಯೋಗ. ಶುಕ್ಲಾ ಮೊಳಕೆಗಳ ಫೋಟೋ ತೆಗೆದು ಫ್ರೀಜರಿನಲ್ಲಿ ಇಟ್ಟರು. ಮರಳಿ ಬಂದ ಬೀಜವನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ಅದರ ವಂಶವಾಹಿ, ಪೋಷಕಾಂಶ ಬದಲಾಗಿವೆಯೇ ಎಂದು ಪರೀಕ್ಷಿಸುವ ಕೆಲಸ ನೆಲದ ಮೇಲಿನದು. ನೀನು ಓದುವ ದಾಂಡೇಲಿಯಿಂದ ಹಳಿಯಾಳಕ್ಕೆ ಬಂದರೆ ಅಲ್ಲಿಂದ ಧಾರವಾಡ ತಾಸೊಪ್ಪತ್ತಿನ ದಾರಿ. ಬಾಹ್ಯಾಕಾಶದ ಕೆಲಸ ಅಂದರೆ ಅದೂ ಸೇರಿತು, ತಂಗಿ.

ಹಾರುವುದೇ ಬೇಕೆಂದರೆ ದಾರಿ ನೇರ ಇದೆ, ಸುಲಭ ಮಾತ್ರ ಇಲ್ಲ. ಭಾರತದ್ದೇ ಮಾನವಸಹಿತ ಯಾನವಾದ ಗಗನಯಾನಕ್ಕೆ ಮೊದಲು ಆರಿಸಿದ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ರಕ್ಷಣಾ ಅಕಾಡೆಮಿಯ ಬಾಗಿಲು 2022ರಿಂದ ಹುಡುಗಿಯರಿಗೂ ತೆರೆದಿದೆ. ಅಲ್ಲಿಂದ ವಾಯುಪಡೆಗೆ ಹೋಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಗಣಿತ ಕಷ್ಟವೆಂದು ಬಿಡುವ ಮಾತು ಎತ್ತಿದ್ದೆಯಲ್ಲ, ಅದನ್ನು ಇವತ್ತೇ ಮರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ವಯಸ್ಸು ಮಾತ್ರ ಕಾಯುವುದಿಲ್ಲ. ಸಿಗದಿದ್ದರೆ ಅದೇ ಗಣಿತ ಎಂಜಿನಿಯರಿಂಗಿಗೂ ವಿಜ್ಞಾನಕ್ಕೂ ಆಗುತ್ತದೆ.

ಸೆಪ್ಟೆಂಬರಿನಲ್ಲಿ ಅಪ್ಪ ಧಾರವಾಡದ ಕೃಷಿ ಮೇಳಕ್ಕೆ ಹೋಗುವಾಗ ನೀನೂ ಹೊರಡು. ಆ ಹೆಸರುಕಾಳಿನ ಪ್ರಯೋಗದ ಬಗ್ಗೆ ಅಲ್ಲಿನವರನ್ನು ಕೇಳು. ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗು. ಮೇಳದಲ್ಲಿ ಗದ್ದಲ ಬಹಳ.